ಎಂಟು ದಿನಕ್ಕೊಂದು ಸೀಸೆ

ತಳಕಲ್
12 ಫೆಬ್ರುವರಿ 1946

ಅಣ್ಣ ಕೊಟ್ರಬಸಪ್ಪನಿಗೆ ತಂಗಿ ಕಳಕಮ್ಮ ಬರೆಯುವುದು.

ಅಕ್ಷರ ಡೊಂಕಾಗಿವೆ ಅಂತ ನಗಬೇಡ. ಎಡಗಣ್ಣಿಗೆ ಬಟ್ಟೆ ಕಟ್ಟಿದೆ. ಬಲಗಣ್ಣಿನಿಂದ ಬರೆಯುತ್ತಿದ್ದೇನೆ, ಅದೂ ಎರಡು ಸಾಲಿಗೊಮ್ಮೆ ಮುಚ್ಚಿಕೊಳ್ಳುತ್ತದೆ. ನೀನು ಕಣ್ಣಿನ ದವಾಖಾನೆಯಲ್ಲಿ ಕಂಪೌಂಡರ್ ಆದಾಗ, ದಿನವಿಡೀ ಔಷಧ ಕಲಸುವುದು ಎಂಥ ನೌಕರಿ ಅಂತ ಆಡಿಕೊಂಡಿದ್ದೆ. ಈಗ ನಿನಗೇ ಬರೆಯಬೇಕಾಯಿತು ನೋಡು.

ಹೊಳೆಗೆ ಆಣೆಕಟ್ಟು ಕಟ್ಟಲು ಶುರುಮಾಡಿದಾಗಿನಿಂದ ನಮ್ಮ ಸುಣ್ಣದ ಭಟ್ಟಿಗೆ ಬಿಡುವೇ ಇಲ್ಲ. ಶುಕ್ರವಾರ ನಾನೂ ಅಲ್ಲೇ ನಿಂತಿದ್ದೆ. ನಮ್ಮಲ್ಲಿ ಸುಣ್ಣ ಅರಳಿಸುವ ಮಾರೆವ್ವ ಅಂತ ಒಬ್ಬಳಿದ್ದಾಳೆ, ನನ್ನದೇ ವಾರಿಗೆಯವಳು. ಅವಳು ಹೊಂಡಕ್ಕೆ ನೀರು ಬಿಡುತ್ತಿದ್ದಾಗ ದಂಡೆಯ ಮೇಲಿನ ಸುಟ್ಟ ಸುಣ್ಣದ ದೊಡ್ಡ ಗಡ್ಡೆ ಜಾರಿ ಒಳಗೆ ಬಿತ್ತು. ಕುದಿಯುವ ಸುಣ್ಣ ಮೇಲೆ ಸಿಡಿಯಿತು. ಅವಳ ಎರಡೂ ಕಣ್ಣಿಗೆ ಸುಣ್ಣ ತುಂಬಿತು. ನನ್ನ ಎಡಗಣ್ಣಿಗೆ ಜೋರಾಗಿ ಬಿತ್ತು, ಬಲಗಣ್ಣಿಗೆ ಅಷ್ಟಿಲ್ಲ.

ನೀರು ಹಾಕಲಿಲ್ಲ. ಸುಣ್ಣದ ಕೆಲಸದವರಿಗೆ ಅಷ್ಟು ತಿಳಿಯದೆ ಇರುತ್ತದೆಯೇ? ಸುಣ್ಣಕ್ಕೆ ನೀರು ಸೋಕಿದರೆ ಕುದಿಯುತ್ತದೆ, ಕಣ್ಣೊಳಗೆ ಕುದಿಯುವುದು ಬೇಡ ಅಂತ ಇಬ್ಬರ ಕಣ್ಣಿಗೂ ಔಡಲೆಣ್ಣೆ ಬಿಟ್ಟು ಬಟ್ಟೆ ಕಟ್ಟಿದ್ದಾಯಿತು. ಆದರೂ ಉರಿ ನಿಂತಿಲ್ಲ. ಏನಾದರೂ ಔಷಧ ಕಳಿಸು.

ಕಳಕಮ್ಮ


ಹೈದರಾಬಾದು
17 ಫೆಬ್ರುವರಿ 1946

ಕಳಕಮ್ಮ,

ನಿನ್ನ ಕಾಗದ ಓದಿ ಕೈಯಲ್ಲಿದ್ದ ಗಾಜಿನ ಅಳತೆ ಪಾತ್ರೆ ಒಡೆದುಹಾಕಿದೆ. ಅದಕ್ಕೆ ಬೈಸಿಕೊಂಡದ್ದೂ ಆಯಿತು. ನೀರು ಬೇಡ ಅಂದ ಆ ಜಾಣ ಯಾರು? ಗವಿಸಿದ್ದಪ್ಪನವರೇ ಇರಬೇಕು, ಭಟ್ಟಿಯ ವಿಷಯದಲ್ಲಿ ಅವರಿಗೆ ತಿಳಿಯದ್ದು ಏನೂ ಇಲ್ಲವಲ್ಲ. ನಿನ್ನ ಗಂಡ ಅಂತ ನಾನು ಸುಮ್ಮನಿರುವುದಿಲ್ಲ, ಇದನ್ನು ಅವರಿಗೆ ಓದಿಹೇಳು. ಕುದಿಯುವುದು ಒಣಗಡ್ಡೆ. ನಿಮ್ಮ ಕಣ್ಣಿಗೆ ಸಿಡಿದದ್ದು ಆಗಲೇ ಹೊಂಡದ ನೀರು ಕುಡಿದು ಅರಳಿದ ಸುಣ್ಣ. ಇನ್ನೇನು ಕುದಿಯಬೇಕಿತ್ತು? ಗಡ್ಡೆಯೇ ಬಿದ್ದಿದ್ದರೂ ನೀರೇ ಹಾಕಬೇಕು. ಸುಣ್ಣ ಕಣ್ಣಲ್ಲಿ ಇರುವಷ್ಟು ಹೊತ್ತೂ ತಿನ್ನುತ್ತಲೇ ಇರುತ್ತದೆ. ಆಗಲೇ ಒಂದು ಕೊಡ ನೀರು ಸುರಿದಿದ್ದರೆ ಈ ಹೊತ್ತು ನೀನು ಕನ್ನಡಕವೂ ಇಲ್ಲದೆ ಓಡಾಡುತ್ತಿದ್ದೆ. ಎಣ್ಣೆ ಬಿಟ್ಟು ಬಟ್ಟೆ ಕಟ್ಟಿ, ಅದನ್ನು ಕಣ್ಣೊಳಗೇ ಜೋಪಾನ ಮಾಡಿದ್ದೀರಿ.

ಈ ಕಾಗದ ಮುಟ್ಟಿದ ದಿನವೇ ಗಾಡಿ ಕಟ್ಟಿಸಿಕೊಂಡು ಕೊಪ್ಪಳದ ಡಾಕ್ಟರರಲ್ಲಿಗೆ ಹೋಗು. ರೆಪ್ಪೆ ಮಗುಚಿ ಸುಣ್ಣದ ಕಾಳು ತೆಗೆಸಿಕೋ. ಆಮೇಲೆ ಕಾಯಿಸಿ ಆರಿಸಿದ ಉಪ್ಪುನೀರಿನಿಂದ ದಿನಕ್ಕೆ ನಾಲ್ಕು ಸಲ ತೊಳೆ. ಇದರ ಜೊತೆ ಒಂದು ಮುಲಾಮು, ಒಂದು ಸೀಸೆ ಹನಿ ಔಷಧ, ತುದಿ ನುಣುಪಾದ ಒಂದು ಗಾಜಿನ ಕಡ್ಡಿ ಕಳಿಸಿದ್ದೇನೆ. ಬೆಳಿಗ್ಗೆ ಸಂಜೆ ಕಡ್ಡಿಗೆ ಮುಲಾಮು ಸವರಿ ರೆಪ್ಪೆಯ ಒಳಗೆ ಈ ಮೂಲೆಯಿಂದ ಆ ಮೂಲೆಗೆ ಎಳೆಯಬೇಕು. ಎಳೆಯದಿದ್ದರೆ ಬೆಂದ ರೆಪ್ಪೆ ಬೆಂದ ಕಣ್ಣುಗುಡ್ಡೆಗೆ ಅಂಟಿಕೊಂಡು ಬೆಳೆಯುತ್ತದೆ. ನೋಯುತ್ತದೆ. ನೋಯಲಿ, ಮಾಡು.

ಕೊಟ್ರಬಸಪ್ಪ


ತಳಕಲ್
3 ಮಾರ್ಚ್ 1946

ಅಣ್ಣಾ,

ಕೊಪ್ಪಳಕ್ಕೆ ಹೋಗಿಬಂದೆ. ಮಾರೆವ್ವನನ್ನೂ ಅದೇ ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಇಬ್ಬರ ರೆಪ್ಪೆಯನ್ನೂ ಮಗುಚಿ ಕಾಳು ತೆಗೆದರು, ಭಾಳ ತಡ ಮಾಡೀರಿ ಅಂದರು.

ನೀನು ಹೇಳಿದ್ದೆಲ್ಲ ಮಾಡುತ್ತಿದ್ದೇನೆ. ಇವರನ್ನು ಬೈಯಬೇಡ. ನಿನ್ನ ಕಾಗದ ಇವರಿಗೆ ಓದಿಹೇಳಲಿಲ್ಲ. ಹನಿ ಔಷಧ ನಾಲ್ಕೇ ದಿನಕ್ಕೆ ತೀರಿತು, ಇನ್ನೆರಡು ಸೀಸೆ ಕಳಿಸು. ಕಣ್ಣಿನಿಂದ ಈಗ ನೀರು ಬರುವುದೇ ಇಲ್ಲ. ಮೊದಮೊದಲು ಧಾರೆಯಾಗಿ ಸುರಿಯುತ್ತಿತ್ತು, ಈಗ ಈರುಳ್ಳಿ ಹೆಚ್ಚಿದರೂ ಇಲ್ಲ. ವಾಸಿಯಾಗುತ್ತಿದೆ ಅಂತಲೇ ತಿಳಿಯಬೇಕಲ್ಲ?

ಕಳಕಮ್ಮ


ಹೈದರಾಬಾದು
9 ಮಾರ್ಚ್ 1946

ಕಳಕಮ್ಮ,

ಔಷಧ ಕಣ್ಣಿಗೆ ಹಾಕುತ್ತಿದ್ದೀಯೋ ಅಥವಾ ರೊಟ್ಟಿಯ ಜೊತೆ ನಂಚಿಕೊಳ್ಳುತ್ತಿದ್ದೀಯೋ? ಗಂಟೆಗೊಮ್ಮೆ ಹಾಕಿದರೂ ಎಂಟು ದಿನ ಬರುವ ಸೀಸೆ ಅದು. ಧಾರೆ ಬಿಟ್ಟರೆ ಗುಣ ಬೇಗ ಆಗುತ್ತದೆ ಅಂತ ಯಾರೋ ನಿನ್ನ ತಲೆಯಲ್ಲಿ ತುಂಬಿದ್ದಾರೆ.

ನೀರು ಬರದೆ ಇರುವುದು ವಾಸಿಯಾಗುವ ಗುರುತಲ್ಲ, ಹುಚ್ಚಿ. ರೆಪ್ಪೆಯೊಳಗೆ ಕಣ್ಣೀರು ಒಸರುವ ಸಣ್ಣ ಗಂಟುಗಳಿರುತ್ತವೆ. ಸುಣ್ಣ ಅವನ್ನೂ ಸುಟ್ಟಿದೆ. ಒಂದೊಂದು ಸಲ ರೆಪ್ಪೆ ಮಿಟುಕಿಸಿದಾಗಲೂ ಕಣ್ಣಿನ ಮೇಲೆ ತೆಳ್ಳಗೆ ನೀರು ಹರಡಬೇಕು. ಹರಡದಿದ್ದರೆ ಕಣ್ಣಿನ ಮೇಲ್ಪದರ ನಿಮ್ಮೂರ ಎರೆಹೊಲ ಬೇಸಿಗೆಯಲ್ಲಿ ಬಿರಿದಂತೆ ಬಿರಿಯುತ್ತದೆ, ಹುಣ್ಣಾಗುತ್ತದೆ, ಆಮೇಲೆ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ನಾನು ಕಳಿಸುವ ಹನಿ ಕಣ್ಣೀರಿನ ಬದಲಿಗೆ. ಉಪ್ಪು, ಒಂದಿಷ್ಟು ಅಂಟು, ಇನ್ನೂ ಏನೇನೋ ತೂಕ ಮಾಡಿ ನಾನೇ ಕೂಡಿಸುತ್ತೇನೆ. ಯುದ್ಧ ಮುಗಿದರೂ ಸಾಮಾನು ಸರಿಯಾಗಿ ಸಿಗುತ್ತಿಲ್ಲ. ಡಾಕ್ಟರ್ ಸಾಹೇಬರ ಹತ್ತಿರ ಹಲ್ಲು ಗಿಂಜಿ ವಾರಕ್ಕೊಂದು ಸೀಸೆಗೆ ಒಪ್ಪಿಗೆ ಪಡೆದಿದ್ದೇನೆ, ಅದಕ್ಕಿಂತ ಹೆಚ್ಚು ಕೇಳಿದರೆ ಅದೂ ಇಲ್ಲ. ದಿನಕ್ಕೆ ಹನ್ನೆರಡು ಸಲ, ಒಂದೊಂದು ಕಣ್ಣಿಗೆ ಎರಡೇ ಹನಿ. ಲೆಕ್ಕ ತಪ್ಪಬೇಡ.

ಕೊಟ್ರಬಸಪ್ಪ


ತಳಕಲ್
20 ಮೇ 1946

ಅಣ್ಣಾ,

ಎರಡು ತಿಂಗಳು ಬರೆಯಲಿಲ್ಲ ಅಂತ ಸಿಟ್ಟಾಗಬೇಡ. ಸೀಸೆಗಳು ತಪ್ಪದೆ ಬರುತ್ತಿವೆ, ಎಂಟು ದಿನಕ್ಕೆ ಸರಿಯಾಗಿ ಹೊಂದಿಸಿಕೊಳ್ಳುತ್ತಿದ್ದೇನೆ.

ಗುಣ ಇಲ್ಲ. ಬೆಳಿಗ್ಗೆ ಏಳುವಾಗ ರೆಪ್ಪೆ ಅಂಟಿರುತ್ತದೆ, ಬೆರಳಿನಿಂದ ಬಿಡಿಸಬೇಕು. ಬಿಸಿಗಾಳಿಗೆ ಹೊರಗೆ ಬಂದರೆ ಕಣ್ಣೊಳಗೆ ಮರಳು ತಿಕ್ಕಿದ ಹಾಗೆ ಆಗುತ್ತದೆ. ಎಡಗಣ್ಣಿನ ಕೆಳರೆಪ್ಪೆ ಮೂಗಿನ ಕಡೆ ಗುಡ್ಡೆಗೆ ಹತ್ತಿಕೊಂಡಿದೆ, ಅಲ್ಲಿ ಗಾಜಿನ ಕಡ್ಡಿ ಹೋಗುವುದಿಲ್ಲ. ಬಲಗಣ್ಣಿಗೂ ಮಂಜು ಕವಿದಂತಾಗಿದೆ. ಔಷಧ ಹಿಡಿಯುತ್ತಿಲ್ಲ ಅಂತ ಕಾಣುತ್ತದೆ.

ಕಳಕಮ್ಮ


ಹೈದರಾಬಾದು
2 ಜೂನ್ 1946

ಕಳಕಮ್ಮ,

ನಾಲ್ಕು ದಿನದಿಂದ ಊಟ ಸೇರುತ್ತಿಲ್ಲ. ನಿನ್ನ ಕಾಗದ ಡಾಕ್ಟರ್ ಸಾಹೇಬರಿಗೆ ಓದಿಹೇಳಿದೆ. ಹೇಳಿದಷ್ಟು ಹನಿ ಹಾಕುತ್ತಿದ್ದರೆ ಹೀಗಾಗಬಾರದು, ನನ್ನ ತೂಕದಲ್ಲೇ ತಪ್ಪಿದೆ ಅಂದುಬಿಟ್ಟರು, ಅದೂ ವಾರ್ಡಿನ ಎಲ್ಲರ ಎದುರಿಗೆ. ಹತ್ತು ವರ್ಷದಲ್ಲಿ ನನ್ನ ತಕ್ಕಡಿಗೆ ಯಾರೂ ಬೆರಳು ತೋರಿಸಿರಲಿಲ್ಲ.

ಕೂಡಿಸಿಟ್ಟದ್ದೆಲ್ಲ ಚೆಲ್ಲಿ ಹೊಸದಾಗಿ ಮಾಡಿದೆ. ನನ್ನ ಕಣ್ಣಿಗೇ ಹಾಕಿಕೊಂಡು ನೋಡಿದೆ. ಉಪ್ಪು ಹೆಚ್ಚಾಯಿತೇನೋ ಅಂತ ಕಡಿಮೆ ಮಾಡಿದೆ, ಅಂಟು ಕಡಿಮೆಯಾಯಿತೇನೋ ಅಂತ ಹೆಚ್ಚು ಮಾಡಿದೆ. ಹೆಂಗಸರ ವಾರ್ಡಿನ ನರ್ಸ್ ಮೆಹರುನಬಿ, ರಾಯಚೂರಿನವಳು, ನಿನ್ನ ಹಾಗೇ ಸುಣ್ಣ ಬಿದ್ದ ಒಬ್ಬಳಿಗೆ ಇದೇ ಔಷಧ ಹಾಕುತ್ತಿದ್ದಾಳೆ. ಆ ಹೆಂಗಸಿನ ರೆಪ್ಪೆ ಚೆನ್ನಾಗಿ ಆಡುತ್ತದೆ. ಅಲ್ಲಿ ಹಿಡಿಯುವುದು ನಿನಗೇಕೆ ಹಿಡಿಯುವುದಿಲ್ಲ? ನನ್ನ ತಂಗಿಯ ಕಣ್ಣನ್ನು ನಾನೇ ಕೆಡಿಸುತ್ತಿದ್ದೇನೆಯೇ? ನನಗೆ ತಲೆ ಕೆಟ್ಟುಹೋಗಿದೆ. ನೀನೇ ಬಂದುಬಿಡು, ಕಣ್ಣಾರೆ ನೋಡುತ್ತೇನೆ.

ಕೊಟ್ರಬಸಪ್ಪ


ತಳಕಲ್
11 ಜುಲೈ 1946

ಅಣ್ಣಾ,

ನಿನ್ನ ತೂಕದಲ್ಲಿ ತಪ್ಪಿಲ್ಲ. ಅಷ್ಟು ಮಾತ್ರ ನಂಬು.

ಈಗ ಬರಲು ಆಗುವುದಿಲ್ಲ. ಬಿತ್ತನೆ ನಡೆದಿದೆ, ಅತ್ತೆಗೆ ಮೊಣಕಾಲು ನೋವು, ಭಟ್ಟಿಯ ಕೆಲಸವೂ ಇದೆ. ಬಿಡುವು ಮಾಡಿಕೊಂಡು ಬರೆಯುತ್ತೇನೆ. ಸೀಸೆ ಮಾತ್ರ ನಿಲ್ಲಿಸಬೇಡ.

ಕಳಕಮ್ಮ


ಹೈದರಾಬಾದು
28 ಅಕ್ಟೋಬರ್ 1946

ಕಳಕಮ್ಮ,

ಬಿತ್ತನೆ ಅಂದೆ, ಕಳೆ ತೆಗೆಯುವುದು ಅಂದೆ, ಹೋದ ತಿಂಗಳು ಬೇರೆಯವರ ಕೈಯಲ್ಲಿ ಎರಡು ಸಾಲು ಬರೆಸಿ ಮದುವೆ ಇದೆ ಅಂದೆ. ಬೇರೆಯವರ ಕೈಯಲ್ಲಿ ಯಾಕೆ ಬರೆಸಿದೆ ಅಂತ ನಾನು ಕೇಳಲಿಲ್ಲ, ಕೇಳಲು ಹೆದರಿಕೆಯಾಯಿತು. ಇನ್ನು ನೆಪ ಸಾಕು.

ಡಾಕ್ಟರ್ ಸಾಹೇಬರು ನವೆಂಬರ್ ಕೊನೆಗೆ ದೀರ್ಘ ರಜೆಯ ಮೇಲೆ ಹೋಗುತ್ತಾರೆ. ರೆಪ್ಪೆಯ ಆಪರೇಶನ್ ಇಲ್ಲಿ ಮಾಡುವವರು ಅವರೊಬ್ಬರೇ. ಕಾಲು ಹಿಡಿಯುವುದೊಂದು ಬಾಕಿ, ಉಳಿದದ್ದೆಲ್ಲ ಮಾಡಿ ಹೆಂಗಸರ ವಾರ್ಡಿನಲ್ಲಿ ನಿನಗೆ ಒಂದು ಹಾಸಿಗೆ ಕಾದಿರಿಸಿದ್ದೇನೆ. 18ನೇ ತಾರೀಖು ಸೋಮವಾರ ಸೇರಬೇಕು. ಅಂಟಿದ ರೆಪ್ಪೆಯನ್ನು ಬಿಡಿಸಿ, ಕೆಳತುಟಿಯ ಒಳಗಿನ ತೆಳ್ಳನೆ ಚರ್ಮ ತೆಗೆದು ಅಲ್ಲಿ ಹೊಲಿಯುತ್ತಾರೆ, ಮತ್ತೆ ಅಂಟದಂತೆ. ಕಣ್ಣೀರು ಮೂಗಿಗೆ ಇಳಿಯುವ ತೂತುಗಳನ್ನು ಕಾದ ಸೂಜಿಯಿಂದ ಮುಚ್ಚುತ್ತಾರೆ. ಆಗ ಒಸರುವ ಅಷ್ಟಿಷ್ಟು ನೀರು ಕಣ್ಣಿನಲ್ಲೇ ನಿಲ್ಲುತ್ತದೆ. ಸುಟ್ಟಲ್ಲೇ ಮತ್ತೆ ಸುಡುವುದು ಅಂದರೆ ಹೆದರಿಕೆಯೇ, ಆದರೆ ಕೊಕೇನಿನ ಹನಿ ಹಾಕಿ ಮರಗಟ್ಟಿಸುತ್ತಾರೆ.

ಕೊಪ್ಪಳದಲ್ಲಿ ಗಾಡಿ ಹತ್ತು. ಗುಂತಕಲ್ಲಿನಲ್ಲಿ ಬದಲಿಸು, ವಾಡಿಯಲ್ಲಿ ಮತ್ತೊಮ್ಮೆ. ನಾಂಪಲ್ಲಿ ಸ್ಟೇಶನ್ನಿನಲ್ಲಿ ನಾನೇ ನಿಂತಿರುತ್ತೇನೆ. ಈ ಸಲ ಬರದಿದ್ದರೆ ನಾನು ಅಣ್ಣನಲ್ಲ, ನೀನು ತಂಗಿಯಲ್ಲ.

ಕೊಟ್ರಬಸಪ್ಪ


ತಳಕಲ್
15 ನವೆಂಬರ್ 1946
(ಮಾರೆವ್ವನ ಕೈಯಲ್ಲಿ ಕಳಿಸಿದ್ದು)

ಅಣ್ಣಾ,

ನೀನು ಸ್ಟೇಶನ್ನಿನಲ್ಲಿ ನಿಂತು ನನ್ನನ್ನು ಹುಡುಕುತ್ತಿರುತ್ತೀಯ. ಈ ಕಾಗದ ಕೊಟ್ಟವಳು ಮಾರೆವ್ವ, ಜೊತೆಗಿರುವವನು ಅವಳ ಗಂಡ ಬಾಲಪ್ಪ. ನನ್ನ ಹಾಸಿಗೆಗೆ ಅವಳನ್ನು ಸೇರಿಸು. ಬೈಯುವುದಿದ್ದರೆ ನನ್ನನ್ನು ಬೈ, ಅವರಿಗೆ ಒಂದು ಮಾತೂ ಅನ್ನಬೇಡ.

ನೀರು ಬೇಡ ಅಂದವಳು ನಾನು. ಇವರು ಅಂದು ಊರಲ್ಲೇ ಇರಲಿಲ್ಲ, ಕೊಪ್ಪಳಕ್ಕೆ ಹೋಗಿದ್ದರು. ಕಣ್ಣಿಗೆ ಸುಣ್ಣ ಸಿಡಿದ ಕೂಡಲೇ ಮಾರೆವ್ವ ನೀರಿನ ಗಡಿಗೆಗೆ ತಡಕಾಡಿದಳು. ಉರಿ ತಾಳದೆ ಏನೂ ತಿಳಿಯದೆ ಹಾಗೆ ಮಾಡುತ್ತಿದ್ದಾಳೆ ಅಂದುಕೊಂಡೆ. ನನ್ನ ಕಣ್ಣೂ ಉರಿಯುತ್ತಿತ್ತು, ಆದರೂ ಅವಳ ಕೈ ಹಿಡಿದು ಎಳೆದೆ. "ನೀರು ಮುಟ್ಟಬ್ಯಾಡ, ಕಣ್ಣಾಗ ಕುದಿತೈತಿ" ಅಂತ ಕೂಗಿದೆ. ಔಡಲೆಣ್ಣೆ ತರಿಸಿ ಮೊದಲು ಅವಳ ಕಣ್ಣಿಗೆ, ಆಮೇಲೆ ನನ್ನ ಕಣ್ಣಿಗೆ ಬಿಟ್ಟೆ. ಒಳ್ಳೆಯದು ಮಾಡಿದೆ ಅಂತಲೇ ಇದ್ದೆ. ನಿನ್ನ ಮೊದಲ ಕಾಗದ ಬಂದ ದಿನ ತಿಳಿಯಿತು. ನೀನು ಇವರನ್ನು ಬೈದಿದ್ದೆ, ನಾನು ಸುಮ್ಮನಿದ್ದುಬಿಟ್ಟೆ. ಆ ಹೊತ್ತಿಗೆ ನಾನೇ ಅಂತ ಬರೆಯಲು ಕೈ ಬರಲಿಲ್ಲ.

ಒಂದು ಸೀಸೆ ಎಂಟು ದಿನ ಬರುವುದು ಒಬ್ಬಳಿಗೆ. ಅದರಲ್ಲಿ ಅವಳಿಗೂ ಹಾಕಿದೆ. ಇನ್ನು ಹೆಚ್ಚು ಸಿಗುವುದಿಲ್ಲ ಅಂತ ನೀನು ಬರೆದ ಮೇಲೆ ಇಬ್ಬರೂ ದಿನಕ್ಕೆ ಆರೇ ಸಲ ಹಾಕಿಕೊಂಡೆವು. ನಿನ್ನ ಔಷಧ ಛಲೋನೇ ಇತ್ತು, ಅರ್ಧ ಹಾಕಿದರೆ ಅದಾದರೂ ಏನು ಮಾಡೀತು? ನಿನಗೆ ಎಲ್ಲರೆದುರು ಮಾತು ಬಂತು ಅಂತ ಓದಿದಾಗ ಹೇಳಿಬಿಡಬೇಕಿತ್ತು. ಹೇಳಿದರೆ ನೀನು ಸೀಸೆ ನಿಲ್ಲಿಸುತ್ತೀಯ, ಇಲ್ಲವೇ ಅವಳಿಗೆ ಹಾಕಬೇಡ ಅನ್ನುತ್ತೀಯ ಅಂತ ಹೆದರಿದೆ.

ನನಗೆ ಬಲಗಣ್ಣು ಇನ್ನೂ ಇಷ್ಟು ಕಾಣುತ್ತದೆ. ಅವಳಿಗೆ ಎರಡೂ ಹೋಗಿವೆ. ಹಾಸಿಗೆ ಒಂದೇ ಇದ್ದರೆ ಯಾರದು ಅನ್ನುವುದನ್ನು ನಿನ್ನನ್ನು ಕೇಳಿ ತೀರ್ಮಾನ ಮಾಡಬೇಕಾಗಿರಲಿಲ್ಲ. ಇನ್ನು ನನಗೆ ಸೀಸೆ ಕಳಿಸಬೇಡ. ಅವಳ ಕಣ್ಣು ಕಳೆದವಳಿಗೆ ಕಣ್ಣು ಯಾಕೆ?

ಕಳಕಮ್ಮ


ಹೈದರಾಬಾದು
9 ಡಿಸೆಂಬರ್ 1946

ಕಳಕಮ್ಮ,

ಮೂರು ಕಾಗದ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ, ಎಷ್ಟೇ ಕೆಟ್ಟದಾಗಿ ಬಂದರೂ ಕಳಿಸುತ್ತೇನೆ.

ಸ್ಟೇಶನ್ನಿನಲ್ಲಿ ನಿನ್ನ ಕಾಗದ ಓದಿ ಆ ಇಬ್ಬರನ್ನೂ ಮರುಗಾಡಿಗೆ ಹತ್ತಿಸಿ ಕಳಿಸಬೇಕು ಅಂದುಕೊಂಡೆ. ನಿಜ ಹೇಳುತ್ತೇನೆ, ಅಂದುಕೊಂಡೆ. ಬಾಲಪ್ಪ ಅವಳ ಕೈ ಹಿಡಿದು ನಿಂತಿದ್ದ. ಅವಳು ನನ್ನ ದನಿ ಬಂದ ಕಡೆ ಮುಖ ತಿರುಗಿಸಿ, "ಅಕ್ಕಾರ ಬರಾಕಿದ್ರು, ನನ್ನ ಕಳಿಸ್ಯಾರ. ತಪ್ಪಾಗಿದ್ರ ಹಿಂದಕ್ಕ ಹೋಗ್ತೀವ್ರಿ" ಅಂದಳು.  ಟಾಂಗಾ ಮಾಡಿ ದವಾಖಾನೆಗೆ ಕರೆದುಕೊಂಡು ಬಂದೆ.

ಡಾಕ್ಟರ್ ಸಾಹೇಬರ ಹತ್ತಿರ ಎಲ್ಲ ಹೇಳಿದೆ. ಅರ್ಧ ಔಷಧದ ಮಾತು ಬಂದಾಗ ಅವರು ತಲೆ ತಗ್ಗಿಸಿ, ನನ್ನ ತಕ್ಕಡಿಯನ್ನು ಬೈದದ್ದು ತಪ್ಪಾಯಿತು ಅಂದರು. ಅದನ್ನು ಕೇಳಬೇಕು ಅಂತ ಆರು ತಿಂಗಳಿನಿಂದ ಕಾದಿದ್ದೆ. ಕೇಳಿದಾಗ ಒಂದಿಷ್ಟೂ ಖುಷಿಯಾಗಲಿಲ್ಲ.

ಕಾದ ಸೂಜಿಯ ವಿಷಯ ತಿಳಿಸಿದಾಗ ಮಾರೆವ್ವ, "ಸುಟ್ಟಿದ್ದು ಸಾಲಲಿಲ್ಲೇನ್ರಿ" ಅಂತ ಕೇಳಿದಳು, ಆಮೇಲೆ ತಾನೇ ಮಲಗಿದಳು. ಎಡಗಣ್ಣಿನಲ್ಲಿ ಏನೂ ಉಳಿದಿಲ್ಲ. ಬಲಗಣ್ಣಿನ ರೆಪ್ಪೆ ಬಿಡಿಸಿ ತುಟಿಯ ಚರ್ಮ ಹೊಲಿದಿದ್ದಾರೆ, ಅದು ಹಿಡಿದಿದೆ. ಗಂಟೆಗೊಮ್ಮೆ ಮೆಹರುನಬಿ ಹನಿ ಹಾಕುತ್ತಾಳೆ, ಈ ಸಲ ಪೂರ್ತಿ ಹನಿ. ನಿನ್ನೆ ಮಾರೆವ್ವ ಕಿಟಕಿ ಯಾವ ಕಡೆ ಅಂತ ತೋರಿಸಿದಳು, ನನ್ನ ಬೆರಳು ಎರಡು ಅಂತ ಎಣಿಸಿದಳು. ಓದುವ ಕಣ್ಣು ಆಗುವುದಿಲ್ಲ, ಗೋಡೆಗೆ ಹಾಯದೆ ನಡೆಯುವಷ್ಟು ಆಗಬಹುದು. ಜನವರಿ ಕೊನೆಯವರೆಗೆ ಇಲ್ಲೇ ಇರಬೇಕು.

ಈಗ ನಿನ್ನ ವಿಷಯ. ಅವಳಿಗೆ ಹಾಸಿಗೆ ಕೊಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ಸೀಸೆ ಬೇಡ ಅಂದೆಯಲ್ಲ, ಆ ಮಾತಿಗೆ ನಿನ್ನ ಕೆನ್ನೆಗೆ ಬಾರಿಸುವಷ್ಟು ಸಿಟ್ಟಿದೆ. ನೀನು ಕುರುಡಿಯಾದರೆ ಅವಳಿಗೆ ಒಂದು ಬೆರಳು ಹೆಚ್ಚು ಕಂಡೀತೇ? ಎರಡು ಸೀಸೆ ಕಳಿಸಿದ್ದೇನೆ, ಎರಡೂ ನಿನಗೆ. ಸಾಹೇಬರ ಜಾಗಕ್ಕೆ ಬಂದ ಹೊಸ ಡಾಕ್ಟರು ಹೊಲಿಗೆಯ ಕೆಲಸ ಮಾಡುವುದಿಲ್ಲ, ಆದರೆ ಕಾದ ಸೂಜಿಯಿಂದ ತೂತು ಮುಚ್ಚಬಲ್ಲರು. ಬಲಗಣ್ಣು ಉಳಿಸಲು ಅಷ್ಟಾದರೂ ಆಗಬೇಕು, ಅದೂ ಬೇಗ.

ಪ್ರಾಯಶ್ಚಿತ್ತ ಮಾಡಿಕೊಳ್ಳಲೇಬೇಕು ಅಂತಿದ್ದರೆ ಉಪಯೋಗಕ್ಕೆ ಬರುವಂಥದ್ದು ಮಾಡು. ನಿಮ್ಮ ಭಟ್ಟಿಯಲ್ಲಿ ಇನ್ನೂ ಹತ್ತು ಜನ ಸುಣ್ಣ ಅರಳಿಸುತ್ತಾರೆ. ಅವರನ್ನು ನಿಲ್ಲಿಸಿಕೊಂಡು, ಕಣ್ಣಿಗೆ ಸುಣ್ಣ ಬಿದ್ದರೆ ಮೊದಲು ನೀರು ಅಂತ ನಿನ್ನ ಬಾಯಿಂದಲೇ ಹೇಳು. ಹೇಳಿ, ಗಾಡಿ ಹತ್ತು.

ಕೊಟ್ರಬಸಪ್ಪ


ತಳಕಲ್
2 ಜನವರಿ 1947

ಅಣ್ಣಾ,

ನೀನು ಹೇಳಿದಂತೆ ಮಾಡಿದೆ. ಮೊನ್ನೆ ಬೆಳಿಗ್ಗೆ ಹೊಂಡದ ಹತ್ತಿರ ಎಲ್ಲರನ್ನೂ ಕರೆದೆ. ಇವರೂ ಪಕ್ಕದಲ್ಲಿ ನಿಂತಿದ್ದರು, ಇವರಿಗೆ ಹಿಂದಿನ ದಿನವೇ ಎಲ್ಲ ಹೇಳಿದ್ದೆ. ಕಣ್ಣಿಗೆ ಸುಣ್ಣ ಸಿಡಿದರೆ ಆ ಕ್ಷಣವೇ ನೀರು ಸುರಿಯಬೇಕು, ಎಣ್ಣೆ ಮುಟ್ಟಿಸಬಾರದು, ಮಾರೆವ್ವನಿಗೆ ನಾನು ಬೇಡ ಅಂದದ್ದು ತಪ್ಪು ಅಂತ ಹೇಳಿದೆ.  ಅವರು ಬೈದಾರು, ಅಳುವವರು ಅತ್ತಾರು ಅಂದುಕೊಂಡಿದ್ದೆ.

 ಎಲ್ಲರೂ ನೆಲ ನೋಡುತ್ತಿದ್ದರು. ಕೊನೆಗೆ ಮುದಕಮ್ಮ ಅಂತ ಒಬ್ಬಳು, ನಮ್ಮ ಮಾವನವರ ಕಾಲದಿಂದ ಇಲ್ಲಿ ದುಡಿಯುವವಳು, ಮೆಲ್ಲಗೆ ಅಂದಳು:

"ಅದು ನಮಗ ಗೊತ್ತೈತ್ರಿ ಅಕ್ಕಾರ. ದಿನಾ ಒಬ್ಬರಿಲ್ಲಾ ಒಬ್ಬರ ಕಣ್ಣಿಗೆ ಬೀಳ್ತೈತಿ, ತೊಳಕೋತೀವಿ. ಹೊಂಡದ ಮಗ್ಗಲದಾಗ ಗಡಿಗಿ ಇಡೋದು ಅದಕ್ಕರಿ."

ಹಾಗಾದರೆ ಅವತ್ತು ಯಾಕೆ ಯಾರೂ ಹೇಳಲಿಲ್ಲ ಅಂತ ಕೇಳಿದೆ. ಇದನ್ನೂ ಕೇಳಬೇಕೇ ಅನ್ನುವ ಹಾಗೆ ಅವಳು ನನ್ನನ್ನು ನೋಡಿದಳು. ನಾನು ಮತ್ತೆ ಕೇಳಿದೆ.

"ನೀವು ಬ್ಯಾಡ ಅಂದ್ರೆಲ್ಲರಿ" ಅಂದಳು.

ಅಷ್ಟೇ ಅಣ್ಣಾ. ಆಮೇಲೆ ಎಲ್ಲರೂ ಕೆಲಸಕ್ಕೆ ಹೋದರು.

ಏನೂ ತಿಳಿಯದೆ ತಡಕಾಡುತ್ತಿದ್ದಾಳೆ ಅಂತ ನಾನು ಎಳೆದೆನಲ್ಲ, ಆ ಕೈ ಆಗಲೇ ನೀರಿನಲ್ಲಿ ಮುಳುಗಿತ್ತು. ಅವಳಿಗೆ ಗೊತ್ತಿತ್ತು. ನಾನು ಬೇಡ ಅಂದ ಕೂಡಲೇ ಹಿಡಿದ ನೀರನ್ನು ಬಿಟ್ಟಳು. ಒಂಬತ್ತು ತಿಂಗಳು ದಿನಕ್ಕೆ ಆರು ಸಲ ಅವಳ ಮುಖ ಎತ್ತಿ ಹಿಡಿದು ನಾನೇ ಹನಿ ಹಾಕಿದೆ. ಒಂದು ದಿನವೂ ಆ ಮಾತು ಆಡಲಿಲ್ಲ. ನಾನು ಅವಳಿಗೆ ಉಪಕಾರ ಮಾಡುತ್ತಿದ್ದೇನೆ ಅಂತ ಊರೆಲ್ಲ ಅನ್ನುತ್ತಿತ್ತು, ಒಮ್ಮೊಮ್ಮೆ ನನಗೂ ಹಾಗೆ ಅನ್ನಿಸಿತ್ತು. ನಾಚಿಕೆಯಾಗುತ್ತಿದೆ, ಇದಕ್ಕಿಂತ ಬೇರೆ ಮಾತು ಸಿಗುತ್ತಿಲ್ಲ.

ನೀನು ಕಳಿಸಿದ ಔಷಧ ಹನ್ನೆರಡು ಸಲ ಹಾಕುತ್ತಿದ್ದೇನೆ. ಸೋಮವಾರ ಕೊಪ್ಪಳದಲ್ಲಿ ಗಾಡಿ ಹತ್ತುತ್ತೇನೆ, ಇವರು ಜೊತೆಗೆ ಬರುತ್ತಾರೆ. ಮಾರೆವ್ವನಿಗೆ ಈ ಕಾಗದ ಓದಿಹೇಳಬೇಡ, ಏನೂ ಕೇಳಬೇಡ. ಸ್ಟೇಶನ್ನಿನಿಂದ ನೆಟ್ಟಗೆ ಅವಳ ಹಾಸಿಗೆಯ ಹತ್ತಿರ ನನ್ನನ್ನು ಕರೆದುಕೊಂಡು ಹೋಗು. ಡಾಕ್ಟರನ್ನು ಆಮೇಲೆ ನೋಡೋಣ.

ಕಳಕಮ್ಮ